ನಾನು ಹಾರದ ದಿನ

ಮಾರ್ಚ್ ೧೬, ಮಂಗಳವಾರ

ಪ್ರೀತಿಯ ಮೊಂಡಿಗೆ,

ಅಕ್ಕನ ಮುದ್ದು. ಹೇಗಿದ್ದೀಯಾ ಎಂದು ಕೇಳಲು ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ. ಫುಟ್‌ಬಾಲ್ ಫೈನಲ್ ಮುಗಿದು ಹದಿನೇಳು ದಿನವಾಯಿತು. ಮೂರು ಸಲ ಬರೆದು ಹರಿದೆ, ತಡವಾಯಿತೆಂದು ಬೈಯಬೇಡ. ಚಿಕ್ಕಮ್ಮನ ಮನೆ ಸೇರಿಕೊಂಡ ನೀನಂತೂ ಫೋನ್ ಎತ್ತುವುದಿಲ್ಲ. ಚಿಕ್ಕಮ್ಮನಿಗೆ ಮಾಡಿದರೆ, "ಸ್ನಾನಕ್ಕೆ ಹೋಗಿದಾಳಮ್ಮ" ಅನ್ನುತ್ತಾರೆ. ಏನೇ ಅದು, ದಿನಕ್ಕೆ ಐದು ಸಲ ಸ್ನಾನ!

ನನಗಿಲ್ಲಿ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ನಿನ್ನೆ ಕಾರ್ಖಾನೆಯಲ್ಲಿ ಎರಡು ಶರ್ಟಿಗೆ ಕಾಲರ್ ಉಲ್ಟಾ ಹೊಲಿದೆ. ಸೂಪರ್‌ವೈಸರ್ ಬಂದು, "ಏನಮ್ಮಾ ಗೋಲ್‌ಕೀಪರ್, ಚೆಂಡು ಬಿಡದೋಳು ಕಾಲರ್ ಬಿಟ್ಬಿಟ್ಯಲ್ಲ!" ಅಂದರು. ಎಲ್ಲರೂ ನಕ್ಕರು.

ಅಪ್ಪ ನಿನ್ನ ಬೂಟು ತೊಳೆದು ಕಿಟಕಿಯಲ್ಲಿಟ್ಟಿದ್ದಾರೆ. ದಿನಾ ಬೆಳಿಗ್ಗೆ ಲೇಸು ಬಿಚ್ಚಿ ಮತ್ತೆ ಪೋಣಿಸುತ್ತಾರೆ.

ಮೊನ್ನೆ ನಿನ್ನ ಕೋಚ್ ಬಂದಿದ್ದರು. "ಶನಿವಾರ ಆಯ್ಕೆ. ಬರದಿದ್ರೆ ಪಟ್ಟಿಯಿಂದ ಹೆಸರು ತೆಗೀತಾರೆ. ಆಟಾನೇ ಬಿಡ್ತೀನಿ ಅಂತಾಳಲ್ಲ! ಕಡೇ ಪೆನಾಲ್ಟೀಲಿ ಹಾಗೆ ಎತ್ತಿಹಾಕು ಅಂತ ಅವಳ ತಲೆಗೆ ತುಂಬಿದ್ದಾದ್ರೂ ಯಾರು?" ಎಂದು ಹಲುಬಿದರು. ನಾನು ಲೋಟ ತೊಳೆಯುವ ನೆಪದಲ್ಲಿ ಒಳಗೆ ಹೋದೆ.

ಕೀಪರ್ ಯಾವುದಾದರೂ ಪಕ್ಕಕ್ಕೆ ಹಾರಿಯೇ ಹಾರುತ್ತಾಳೆಂದು ನಂಬಿ, ಚೆಂಡಿನಡಿಗೆ ಬೂಟು ತೂರಿಸಿ, ನಡುಮಧ್ಯಕ್ಕೆ ಮೆಲ್ಲಗೆ ಎತ್ತಿಹಾಕುವ ಆಟ ನಿನ್ನದು. ಅವಳು ಹಾರಿದರೆ ನೀನು ರಾಣಿ. ಹಾರದಿದ್ದರೆ ಮೈದಾನವೆಲ್ಲ ನಗುತ್ತದೆ. ಎದುರು ತಂಡದ ಕೀಪರ್ ಅವತ್ತು ನಾನೇ ಆಗಬೇಕಿತ್ತೇ! ಅಲುಗಾಡದೆ ನಿಂತೆ, ಚೆಂಡು ತಾನಾಗಿ ಎದೆಗೆ ಬಂತು. ನಮ್ಮವರು ನನ್ನನ್ನು ಹೊತ್ತು ಕುಣಿದರು. ಆಗ ನೀನು ನೋಡಿದ ನೋಟವಿದೆಯಲ್ಲ, ಅದು ನನ್ನನ್ನು ಇನ್ನೂ ಬಿಟ್ಟಿಲ್ಲ.

ನಿನ್ನ ಕಾಲಿನಲ್ಲಿ ತಪ್ಪಿಲ್ಲ ಕಣೇ. ನಾಳೆ ಅಪ್ಪ ಈ ಪತ್ರವನ್ನೂ ಬೂಟನ್ನೂ ತರುತ್ತಾರೆ. ಶನಿವಾರ ಹೋಗು. ಮೂಲೆಗೆ ಗುರಿಯಿಟ್ಟು, ನನ್ನ ಮೇಲಿನ ಸಿಟ್ಟನ್ನೆಲ್ಲ ಸೇರಿಸಿ ಒದೆ. ನಿನಗೆ ಒಳ್ಳೆಯದಾಗಲಿ, ಕಾಲು ಗಟ್ಟಿಯಿರಲಿ, ಹಟವೂ ಹಾಗೇ ಇರಲಿ.

ನಿನ್ನ
ಅಕ್ಕ

ತಾ.ಕ.: ಮೇಲೆ ಬರೆಯಲು ಧೈರ್ಯವಾಗಲಿಲ್ಲ. ಅಮ್ಮ ನಮ್ಮನ್ನು ಬಿಟ್ಟುಹೋದ ವರ್ಷ ನೀನು ಮಾತೇ ನಿಲ್ಲಿಸಿದ್ದೆ. ಒಂದು ದಿನ ಹಿತ್ತಲಲ್ಲಿ ಆಡುವಾಗ ನಾನು ಪಕ್ಕಕ್ಕೆ ಹಾರಿ ಬಿದ್ದೆ, ನೀನು ಒದ್ದ ಚೆಂಡು ಮೆಲ್ಲಗೆ ನಡುವೆ ಹೋಯಿತು, ನೀನು ಕಿಸಕ್ಕನೆ ನಕ್ಕೆ. ಅಂದಿನಿಂದ ಆರು ವರ್ಷ, ಗೊತ್ತಿದ್ದೂ ಗೊತ್ತಿದ್ದೂ ಹಾರಿ ಬಿದ್ದೆ. ಎತ್ತಿಹಾಕುವ ಮುಂಚೆ ನೀನು ತುಟಿ ಕಚ್ಚುತ್ತೀಯ. ಫೈನಲ್‌ನಲ್ಲೂ ಕಚ್ಚಿದೆ. ಅಕ್ಕ ಹಾರುತ್ತಾಳೆಂದು ನಂಬಿಯೇ ಒದ್ದೆ. ಆದರೆ ಅವತ್ತೊಂದು ದಿನ, ನನಗೂ ಗೆಲ್ಲಬೇಕು ಅನ್ನಿಸಿಬಿಟ್ಟಿತು.