ಕೊನೆ ಅಕ್ಷರದಿಂದ ಬರೆದ ಬೋರ್ಡು

ಅಂಗಡಿಯಿಂದ,
ಮಾರ್ಚ್ ೯, ಭಾನುವಾರ ಬೆಳಗ್ಗೆ

ನನ್ನ ಪುಟ್ಟಿಗೆ,

ಅಪ್ಪನ ಆಶೀರ್ವಾದ. ನೀನು, ಅಳಿಯಂದಿರು ಆರೋಗ್ಯವಾಗಿದೀರಾ? ನಿನ್ನ ಕೆಮ್ಮು ಹೋಯ್ತಾ? ಈ ಕಾಗೆ ಕಾಲು ಗುಬ್ಬಿ ಕಾಲು ನೋಡಿ ಯಾವುದೋ ಮಗು ಬರೆದದ್ದು ಅಂತ ಎಸೆದುಬಿಟ್ಟೀಯ. ನಾನೇ ಕಣೇ, ಎಡಗೈಲಿ ಬರೀತಿದೀನಿ. ಬಲಗೈ, ಲಕ್ವ ಹೊಡೆದ ದಿನ ಹೇಗಿತ್ತೋ ಹಾಗೇ ಇದೆ. ಇನ್ನು ಇಷ್ಟೇ ಅಂದ್ರು ಡಾಕ್ಟರು. ಜೀವಮಾನವೆಲ್ಲ ಅನ್ನ ಹಾಕಿದ ಕೈ ತೊಡೆ ಮೇಲೆ ಸುಮ್ಮನೆ ಬಿದ್ದಿದೆ.

"ಅಂಗಡಿ ಕೊಳ್ಳೋರು ಸಿಕ್ಕಿದಾರೆ, ಮಾರಿ ನಮ್ಮ ಜೊತೆ ಬಂದಿರಿ" ಅಂತ ನೀನು ಬರೆದಿದ್ದನ್ನ ನಿಮ್ಮಮ್ಮ ಎರಡು ಸಲ ಓದಿಸಿಕೊಂಡಳು. ಆಮೇಲೆ ಕಾಗದ ಮಡಿಸಿ ಅಕ್ಕಿ ಡಬ್ಬಿ ಕೆಳಗೆ ತುರುಕಿದಳು. ಅಂದ್ರೆ ಅವಳಿಗೆ ಮನಸ್ಸಿಲ್ಲ ಅಂತ ನಿನಗೆ ಗೊತ್ತೇ ಇದೆ. ನಾನಂತೂ ಹೂಂ ಅನ್ನೋಣ ಅಂತಲೇ ಇದ್ದೆ. ಬೋರ್ಡು ಬರೆಯೋನಿಗೆ ಕೈಯೇ ಇಲ್ಲ ಅಂದ್ಮೇಲೆ ಅಂಗಡಿ ಯಾಕೆ?

ಅಷ್ಟರಲ್ಲಿ ಎದುರುಗಡೆ ಸಲೂನಿನವನು ಬಂದು, "ಅಣ್ಣಾ, ನನ್ನ ಬೋರ್ಡು ಮಾಸಿಹೋಗಿದೆ, ಹೊಸದು ಬರೆದುಕೊಡಿ" ಅಂದ. ಕಣ್ಣು ಕಾಣಲ್ವೇನೋ ನಿನಗೆ ಅಂತ ರೇಗಿದೆ. "ಇನ್ನೊಂದು ಕೈಯನ್ನ ಬಾಡಿಗೆಗೆ ಕೊಟ್ಟಿದೀರಾ?" ಅಂದುಬಿಟ್ಟ, ಕತ್ತೆ!

ಸರಿ, ಬ್ರಷ್ ಹಿಡಿದೆ. ಅಬ್ಬಬ್ಬಾ, ಈ ಎಡಗೈ ಬೇರೆಯೇ ಮನುಷ್ಯ ಕಣೇ! ಬಲಗೈ ಗೆರೆಯನ್ನ ಎಳೀತಿತ್ತು, ಇದು ತಳ್ಳುತ್ತೆ. ಒಂದು ಅಕ್ಷರ ಬರೆದು ಮುಂದಿನದಕ್ಕೆ ಹೋದ್ರೆ ಕೈ ಹಸಿ ಬಣ್ಣದ ಮೇಲೇ ಕೂತಿರುತ್ತೆ. ಚಿಕ್ಕವಳಿದ್ದಾಗ ನಿನ್ನ ಎಡ ಅಂಗೈ ಅಂಚಿಗೆ ಸದಾ ಮಸಿ ಮೆತ್ತಿರ್ತಿತ್ತಲ್ಲ, ಯಾಕೆ ಅಂತ ಈ ವಯಸ್ಸಿಗೆ ತಿಳೀತು. ಹಾಗಾದ್ರೆ ಕೊನೆ ಅಕ್ಷರದಿಂದ ಶುರುಮಾಡಿ ಹಿಂದಕ್ಕೆ ಬಂದ್ರೆ ಹೇಗೆ? ಬಂದೆ. ಬಣ್ಣ ಒಂದು ಚೂರೂ ಕಲಸಿಹೋಗಲಿಲ್ಲ! ಆದ್ರೆ ಆ ಖುಷೀಲಿ ಅಳತೆ ಗೆರೆ ಹಾಕೋದನ್ನೇ ಮರೆತಿದ್ದೆ. ಎಡತುದಿ ಮುಟ್ಟೋ ಹೊತ್ತಿಗೆ ಮೊದಲ ಅಕ್ಷರಕ್ಕೆ ಉಳಿದದ್ದು ಬೆರಳಗಲ ಜಾಗ, ಅದರಲ್ಲೇ ತುರುಕಿದೆ.

ನಿಮ್ಮಮ್ಮ ನೋಡಿ ನಕ್ಕಳು ನೋಡು, ನನಗೆ ಹೀಗಾದ ಮೇಲೆ ಮೊದಲನೇ ಸಲ. ಸಲೂನಿನವನು ತಲೆ ಕೆರ್ಕೊಂಡು, "ಮೊದಲನೇ ಅಕ್ಷರ ಬಾಗಿಲ ಸಂದೀಲಿ ಸಿಕ್ಕಿಕೊಂಡೋನ ಥರ ಇದೆ. ಇರ್ಲಿ ಬಿಡಿ, ಜನ ನಿಂತು ನೋಡ್ತಾರೆ" ಅಂತ ಹೊತ್ಕೊಂಡೇ ಹೋದ. ನನಗೆ ಸಮಾಧಾನವಿಲ್ಲ, ವಾಪಸ್ ತರಿಸಿ ಮತ್ತೆ ಬರೀತೀನಿ. ಈಗ ದಿನಾ ಎದ್ದ ತಕ್ಷಣ, ಇವತ್ತು ಈ ಕೈ ಏನು ಮಾಡುತ್ತೋ ನೋಡೋಣ ಅನ್ಸುತ್ತೆ. ಎಷ್ಟು ವರ್ಷ ಆಗಿತ್ತು ಹೀಗೆ ಅನ್ನಿಸಿ!

ಅಳಿಯಂದಿರನ್ನ ಕೇಳಿದೆ ಅಂತ ಹೇಳು. ತಣ್ಣಗಿರು ತಾಯಿ.

ನಿನ್ನ
ಅಪ್ಪ

ಮರೆತಿದ್ದೆ: ಅಂಗಡಿ ಮಾರಲ್ಲ, ಕೊಳ್ಳೋರಿಗೆ ಹೇಳಿಬಿಡು. ನಾವು ಬರಲ್ಲ, ನೀನೇ ಬಾ. ಅಕ್ಷರ ದುಂಡಗೆ ತಿರುಗಿಸುವಾಗ ಮಣಿಕಟ್ಟು ಎಲ್ಲಿಡಬೇಕೋ ಬಗೆಹರೀತಿಲ್ಲ, ನಮ್ಮಲ್ಲಿ ಎಡಗೈಯವಳು ನೀನೊಬ್ಬಳೇ. ನಾಲ್ಕು ದಿನ ರಜೆ ಹಾಕಿ ಬಂದು ಕಲಿಸು. ತಪ್ಪು ಮಾಡಿದ್ರೆ ರೇಗಬೇಡ ಮತ್ತೆ, ನಾನಿನ್ನೂ ಹೊಸಬ.