ತೂಕ ನೋಡಿ ತಂದ ಪವರ್ ಸಪ್ಲೈ

ಚಿನ್ಮಯಿ,

ಶಿವಮೊಗ್ಗದ ಮೊದಲ ಬಸ್ಸಿಗೆ ಹೊರಟಿದ್ದೇನೆ. ಹಾಲು ಕಾಯಿಸಿಟ್ಟಿದ್ದೇನೆ, ಚಪಾತಿ ಡಬ್ಬಿಯಲ್ಲಿದೆ.

ನಿನ್ನ ಗೇಮಿಂಗ್ ಕಂಪ್ಯೂಟರಿನ ಸುಟ್ಟ ಪವರ್ ಸಪ್ಲೈ ಮೇಜಿನ ಮೇಲಿದೆ. ಬಿಚ್ಚಿ ನೋಡಿದೆ. ಬರೀ ತೂಕ ಬರಲೆಂದು ಒಳಗೊಂದು ಕಬ್ಬಿಣದ ತುಂಡು ಅಂಟಿಸಿದ್ದಾರೆ.

ನೀನು ಚೀಟಿಯಲ್ಲಿ ಕಂಪನಿ ಹೆಸರು, 650 ವ್ಯಾಟ್, ಎಲ್ಲ ಬರೆದುಕೊಟ್ಟಿದ್ದೆ. ಶಿವಮೊಗ್ಗದ ಅಂಗಡಿಯವನು ಅದನ್ನೇ ಮೊದಲು ಕೊಟ್ಟ. ಕೈಗೆ ಹಗುರ ಅನ್ನಿಸಿತು. ಇಪ್ಪತ್ತೆರಡು ವರ್ಷ ಪಂಪ್‌ಸೆಟ್ ಮೋಟಾರಿಗೆ ತಾಮ್ರದ ತಂತಿಯ ವೈಂಡಿಂಗ್ ಕಟ್ಟಿದವನಲ್ಲವೇ ನಾನು, ಭಾರವಿದ್ದರೆ ಒಳಗೆ ತಾಮ್ರ ಜಾಸ್ತಿ ಎಂದುಕೊಂಡು ಅದನ್ನು ಬಿಟ್ಟು ಭಾರವಾಗಿದ್ದ ಇದನ್ನು ತಂದೆ. ಎರಡನೇ ದಿನವೇ ಹೊಗೆ ಬಂತು.

ಆಗ ಮೋಟಾರು ರಿಪೇರಿಗೆ ತಂದಿದ್ದ ಲಕ್ಕವಳ್ಳಿಯ ಷಣ್ಮುಖಪ್ಪನವರ ಎದುರಿಗೇ, "ಇವ್ಳೇ ವೈರ್ ತಪ್ಪಾಗಿ ಕೊಟ್ಟವ್ಳೆ ಕಣ್ರೀ" ಅಂದುಬಿಟ್ಟೆ. ನೀನು ಎದ್ದು ಒಳಗೆ ಹೋದೆ. ಅವತ್ತಿನಿಂದ ನಿನ್ನ ಮುಖ ನೋಡಿ ಮಾತಾಡಲು ಆಗುತ್ತಿಲ್ಲ, ಅದಕ್ಕೇ ಈ ಚೀಟಿ.

ಬೇರೆ ಯಾವ ಭಾಗ ಸುಟ್ಟಿದೆಯೋ ನೀನೇ ನೋಡಿಡು, ನಾನು ಮುಟ್ಟುವುದಿಲ್ಲ. ನಿನ್ನ ಚೀಟಿ ಜೇಬಿನಲ್ಲಿದೆ. ಇವತ್ತು ಏನನ್ನೂ ತೂಗಿ ನೋಡುವುದಿಲ್ಲ, ನೀನು ಬರೆದದ್ದನ್ನೇ ತರುತ್ತೇನೆ.

ಸಂಜೆ ಷಣ್ಮುಖಪ್ಪನವರು ಮೋಟಾರು ಒಯ್ಯಲು ಬರುತ್ತಾರೆ. ನಾನು ಬರುವುದು ತಡವಾದರೆ ಕಾಫಿ ಕೊಟ್ಟು ಕೂರಿಸು. ಆ ಕಬ್ಬಿಣದ ತುಂಡನ್ನು ಎಸೆಯಬೇಡ. ಅದನ್ನು ಅವರ ಕೈಗೆ ಕೊಟ್ಟು, ತಪ್ಪು ಯಾರದ್ದೆಂದು ನಾನೇ ಹೇಳಬೇಕು. ಆಗ ನೀನು ಒಳಗೆ ಹೋಗಬೇಡ.

ಅಪ್ಪ