ಬಾಣಂತಿ ನೀರಿಗೆ ಅಕೇಶಿ ಸೌದೆ

ಇನ್ನೂ ಹೆಸರಿಡದ ಪುಟ್ಟ ಜೀವಕ್ಕೆ, ಚಿಕ್ಕಮ್ಮನ ಮುತ್ತುಗಳು.

ಚೊಚ್ಚಲ ಹೆರಿಗೆಗೆ ತವರಿಗೆ ಬಂದಿರುವ ಮಾನ್ಯಕ್ಕನ ಹೊಟ್ಟೆಯಲ್ಲಿ ನೀನು ಹಾಯಾಗಿ ಮಲಗಿದ್ದೀಯ. ಇಲ್ಲಿ ಬೈರಾಪಟ್ಟಣದಲ್ಲಿ ನಿನ್ನ ಹೆಸರಿನಲ್ಲಿ ಒಂದು ಜಗಳವೇ ಆಗಿಹೋಯಿತು. ಬಾಣಂತಿಗೂ ಮಗುವಿಗೂ ದಿನಾ ಹಂಡೆ ತುಂಬ ಬಿಸಿನೀರು ಬೇಕು. ಗೀಸರ್ ಇದೆಯಲ್ಲ ಅಂದರೆ ನನ್ನ ಅಜ್ಜಿ ಸರಸಮ್ಮ ಕೇಳುವವಳಲ್ಲ. ಸೌದೆ ಒಲೆಯಲ್ಲಿ ಕಾದ ನೀರೇ ಆಗಬೇಕು, ಅದೂ ಕುರಿದೊಡ್ಡಿ ಪಕ್ಕದ ಅಕೇಶಿ ಮರದ ಸೌದೆ. ಅದರ ಕೆಂಡ ಬೇಗ ಆರುವುದಿಲ್ಲವಂತೆ.

ಆ ಮರ ನನಗೆ ಸ್ವಲ್ಪ ಸ್ಪೆಷಲ್. ಆಸ್ಟ್ರೇಲಿಯಾ ಮೂಲದ ಅಕೇಶಿಯಾ, ಊರವರ ಬಾಯಲ್ಲಿ ಅಕೇಶಿ. ನನ್ನನ್ನು ಹಾಸ್ಟೆಲ್‌ಗೆ ಸೇರಿಸಿದ ವರ್ಷ ಅಪ್ಪ ನರ್ಸರಿಯಿಂದ ತಂದು ನೆಟ್ಟಿದ್ದು. ರಜೆಗೆ ಬಂದಾಗಲೆಲ್ಲ ನನಗಿಂತ ಜೋರಾಗಿ ಬೆಳೆದಿರುತ್ತಿತ್ತು. ಮಳೆ ಕೈಕೊಟ್ಟ ವರ್ಷ ಯಾರೂ ಒಂದು ಕೊಡ ನೀರು ಹಾಕಲಿಲ್ಲ, ಆದರೂ ಹಸಿರಾಗೇ ನಿಂತಿತ್ತು. ಮಧ್ಯಾಹ್ನ ಕುರಿಗಳೆಲ್ಲ ಅದರಡಿ ಒತ್ತಿಕೊಂಡು ಮಲಗುತ್ತವೆ. ಉದುರಿದ ಎಲೆ ಒಲೆ ಹಚ್ಚುವುದಕ್ಕೆ. ಸುರುಳಿ ಸುತ್ತಿದ ಕಾಯಿ ಬಿರಿದರೆ ಕಿತ್ತಳೆ ಬಣ್ಣದ ದಾರದಲ್ಲಿ ಕಪ್ಪು ಬೀಜ ಜೋತಾಡುತ್ತದೆ. ನೀನು ನೋಡಬೇಕು ಅದನ್ನು.

ಕಳೆದ ಭಾನುವಾರ ಅಪ್ಪ, ಅಂದರೆ ನಿನ್ನ ತಾತ ಬೀರೇಶ್, ಮರ ಕೊಯ್ಯುವ ಲೋಕೇಶಣ್ಣನನ್ನು ಮಿಷನ್ ಸಮೇತ ಕರೆತಂದ. "ಬುಡಕ್ಕೇ ಮಿಷನ್ ಹಾಕ್ಲಾ ಲೋಕೇಶ. ಹೊಂಗೆ ಕಡ್ದಾಗ ಚಿಗುರ್ಲಿಲ್ವಾ, ಇದೂ ಚಿಗುರ್ತದೆ" ಎಂದ ಅಪ್ಪ.

ನಾನು ಅಗ್ರಿ ಕಾಲೇಜಿನ ಮೊದಲ ವರ್ಷದವಳು. ಕ್ಲಾಸಿನಲ್ಲಿ ಎದ್ದು ಉತ್ತರ ಹೇಳಲೂ ಬೆವರುತ್ತೇನೆ. ಆದರೆ ಬುಡಕ್ಕೆ ಕಡಿದರೆ ಈ ಮರ ಹೊಂಗೆಯಷ್ಟು ಸುಲಭವಾಗಿ ಚಿಗುರುವುದಿಲ್ಲ ಎಂದು ಓದಿದ್ದೆ. ಧೈರ್ಯ ಮಾಡಿ ಹೇಳಿಬಿಟ್ಟೆ: "ಅಪ್ಪ, ಫುಲ್ ಕಟ್ ಮಾಡಿದ್ರೆ ರೀಗ್ರೋತ್ ಡೌಟು."

"ಏನಂತವ್ವ ಅದು?" ಎಂದ ಲೋಕೇಶಣ್ಣ.

"ಅವ್ಳು ಯೋಳ್ತಿರಾದು ನಿಂಗಲ್ಲ ಕಣ್ಲಾ, ಮರುಕ್ಕೆ" ಎಂದಳು ಅಜ್ಜಿ. "ಅದೂ ಇಂಗ್ಲೀಸ್ ದೇಸದಿಂದ್ಲೇ ಬಂದಿರಾದು."

ಎಲ್ಲರೂ ನಕ್ಕರು, ನಾನೂ ನಕ್ಕೆ. ನಕ್ಕ ಮೇಲೆ ನಾಲಿಗೆ ಸಲೀಸಾಯಿತು. "ಕೊಂಬೆ ಮಾತ್ರ ತೆಗೆಸಪ್ಪ. ಮರನೇ ಹೋದ್ರೆ ಬೇಸಿಗೇಲಿ ಕುರಿ ಎಲ್ಲಿ ಮಲಗ್ತವೆ?"

"ಒಂದೊರ್ಸನೂ ಓದಿಲ್ಲ, ಆಗ್ಲೇ ನಂಗೇ ಪಾಠ" ಎಂದು ಗೊಣಗಿದ ಅಪ್ಪ, ಅಜ್ಜಿಯ ಮುಖ ನೋಡಿದ. ಅವಳು ಕತ್ತೆತ್ತಿ ಮರವನ್ನೇ ನೋಡುತ್ತಿದ್ದಳು.

"ಕೊಂಬೆ ಸಾಕು ಬುಡ್ಲಾ ಬೀರ. ಸಾಲ್ದಿದ್ರೆ ಒಸಿ ತೆಂಗಿನ ಮಟ್ಟೆ ಸೇರ್ಸನ. ಬರೋ ಕೂಸಿಗೂ ನೆಳ್ಳು ಬ್ಯಾಡ್ವಾ?"

ಲೋಕೇಶಣ್ಣ ಒಂದು ಮಗ್ಗುಲಿನ ಕೊಂಬೆಗಳನ್ನಷ್ಟೇ ಇಳಿಸಿದ. ಮರ ಈಗ ಅರ್ಧ ಕ್ಷೌರ ಮಾಡಿಸಿಕೊಂಡವರ ಹಾಗೆ ಕಾಣುತ್ತದೆ, ಪಾಪ. ಆದರೆ ನಿಂತಿದೆ. ಸೌದೆ ಹಿತ್ತಲ ಗೋಡೆಗೆ ಒರಗಿ ಒಣಗುತ್ತಿದೆ. ಮುಂದಿನ ವಾರ ನನಗೆ ವೈವಾ, ಮೇಷ್ಟ್ರ ಎದುರು ಬಾಯಲ್ಲೇ ಉತ್ತರ ಹೇಳುವ ಪರೀಕ್ಷೆ. ಭಯ ಇದ್ದೇ ಇದೆ, ಆದರೂ ಅಪ್ಪನ ಎದುರಿಗೇ ಮಾತಾಡಿ ಆಯಿತಲ್ಲ, ಇನ್ನು ಮೇಷ್ಟ್ರು ಏನು ಮಹಾ.

ನೀನೇನೂ ಅವಸರ ಮಾಡಬೇಡ. ಸೌದೆ ಚೆನ್ನಾಗಿ ಒಣಗಲಿ. ಅಕ್ಕನನ್ನು ಹೆಚ್ಚು ನೋಯಿಸದೆ ಬಾ. ನಿನ್ನ ನೀರು ಬೆಚ್ಚಗಿರಲಿ, ನಿನ್ನ ನೆರಳು ತಂಪಾಗಿರಲಿ, ಕಂದ.

ನಿನ್ನ ದಾರಿ ನೋಡುತ್ತಿರುವ,
ಚಿಕ್ಕಮ್ಮ